ಕೊನೆಯ ಮುದ್ದೆ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಈಗ ಆತನು ವೈದ್ಯ. ಮಧುಗಿರಿ ಕಡೆಯ ಹಳ್ಳಿಯೊಂದರಲ್ಲಿ ಭಾನುವಾರ ಆರೋಗ್ಯ ತಪಾಸಣಾ ಶಿಬಿರವಿದೆಯೆಂದೂ ನಾನು ಬಂದು ಸುಮ್ಮನೆ ಕುಳಿತಿದ್ದರೂ ಸಾಕೆಂದೂ ಕರೆದನು. ಮೂವತ್ತೇಳು ವರ್ಷ ಮೇಷ್ಟರಾಗಿದ್ದವನಿಗೆ ಸುಮ್ಮನೆ ಕುಳಿತಿರುವುದು ಒಗ್ಗುವ ಕೆಲಸವಲ್ಲ. ಹೋದ ಮೇಲೆ ಏನಾದರೂ ಕೊಡಿ ಎಂದು ಕೇಳಿದೆ. ನನ್ನ ಅಕ್ಷರ ಇನ್ನೂ ಗುಂಡಗಿದೆಯೆಂಬ ಕಾರಣಕ್ಕೆ ದಾಖಲೆ ಪುಸ್ತಕವನ್ನು ನನ್ನ ಮುಂದಿಟ್ಟರು. ಹೆಸರು, ವಯಸ್ಸು, ಎತ್ತರ, ತೂಕ, ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್ ಎಂದು ಏಳು ಅಂಕಣಗಳು. ಹಾಜರಿ ಪುಸ್ತಕ ಬರೆದ ಕೈಗೆ ಅದೇನು ದೊಡ್ಡ ಕೆಲಸವಲ್ಲ.

ಮಧ್ಯಾಹ್ನದ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಂದರು. ಗಂಡನ ಎತ್ತರ 165 ಸೆಂಟಿಮೀಟರ್, ತೂಕ 74 ಕಿಲೋ, ಸಕ್ಕರೆ ಮಿತಿ ಮೀರಿತ್ತು. ಹೆಂಡತಿಯ ವಯಸ್ಸು 42, ಎತ್ತರ 152 ಸೆಂಟಿಮೀಟರ್, ತೂಕ 41 ಕಿಲೋ. ಹಿಮೋಗ್ಲೋಬಿನ್ 8ರ ಆಸುಪಾಸು. ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯಿಂದ ಮನುಷ್ಯನ ಪೋಷಣೆಯ ಸ್ಥಿತಿಯನ್ನು ಅಳೆಯುತ್ತಾರೆ. ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂ ದೇಶದ ಕ್ವೆಟ್ಲೆ ಎಂಬ ಗಣಿತಜ್ಞನು ಕಂಡುಹಿಡಿದನು. ಆ ಸಂಖ್ಯೆ 18.5ಕ್ಕಿಂತ ಕಡಿಮೆಯಿದ್ದರೆ ದೀರ್ಘಕಾಲದ ಶಕ್ತಿಯ ಕೊರತೆಯೆಂದು ತಿಳಿಯುತ್ತಾರೆ. 25ಕ್ಕಿಂತ ಹೆಚ್ಚಾದರೆ ಅತಿತೂಕ. ನಮ್ಮ ದೇಶದವರಿಗೆ 23 ದಾಟಿದಾಗಲೇ ಎಚ್ಚರ ವಹಿಸಬೇಕೆನ್ನುತ್ತಾರೆ. ಲೆಕ್ಕದ ಮೇಷ್ಟರಾಗಿದ್ದವನು ಸುಮ್ಮನಿರಲಾರದೆ ಪುಸ್ತಕದ ಅಂಚಿನಲ್ಲಿ ಭಾಗಿಸಿ ನೋಡಿದೆ. ಗಂಡನಿಗೆ 27.2 ಬಂದಿತು. ಹೆಂಡತಿಗೆ 17.7.

ಒಂದೇ ಮನೆ, ಒಂದೇ ಒಲೆ, ಒಂದೇ ಪಾತ್ರೆ. ನಾನು ಲೇಖನಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಆ ಹೆಂಗಸನ್ನೇ ನೋಡಿದೆ. ಆಕೆಯ ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿತ್ತು. ಅಂಥ ಕಣ್ಣನ್ನು ನಾನು ಮೊದಲೇ ಕಂಡಿದ್ದೆ. ಕಂಡೂ ಗುರುತಿಸಿರಲಿಲ್ಲ. ಅದನ್ನೇ ಈ ದಿನ ಬರೆಯಬೇಕೆಂದಿದ್ದೇನೆ.

ನಮ್ಮದು ಮೂರು ಎಕರೆ ಖುಷ್ಕಿ ಜಮೀನಿನ ಕುಟುಂಬ. ನನ್ನ ಬಾಲ್ಯವೆಂದರೆ 1950ರ ದಶಕದ ಮಾತು. ರಾಗಿಯನ್ನು ಬಿತ್ತುವಾಗ ಅದರ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದರು. ಮಳೆ ಕೈಕೊಟ್ಟು ರಾಗಿ ಒಣಗಿದರೂ ಒಂದಿಷ್ಟು ಅವರೆಯಾದರೂ ಮನೆಗೆ ಬರಲಿ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಹೊಲದ ಬದುಗಳಲ್ಲಿ ಅಣ್ಣೆಸೊಪ್ಪು, ಹೊನಗೊನೆ, ಗೋಣಿಸೊಪ್ಪು, ಕೀರೆ ಮುಂತಾದುವು ತಾವಾಗಿಯೇ ಬೆಳೆಯುತ್ತಿದ್ದುವು. ಕಳೆ ಕೀಳಲು ಹೋದ ಹೆಂಗಸರು ಮಡಿಲಿನಲ್ಲಿ ಬೆರಕೆಸೊಪ್ಪು ಕಟ್ಟಿಕೊಂಡೇ ಮನೆಗೆ ಬರುವರು. ರಾತ್ರಿ ಮುದ್ದೆ, ಸೊಪ್ಪಿನ ಸಾರು. ಬೆಳಗ್ಗೆ ತಂಗಳು ಮುದ್ದೆಗೆ ಮಜ್ಜಿಗೆ. ಅಕ್ಕಿಯೆಂಬುದು ಯುಗಾದಿಗೆ, ಗೌರಿಹಬ್ಬಕ್ಕೆ, ಬೀಗರು ಬಂದಾಗ ಮತ್ತು ಕಾಯಿಲೆ ಬಿದ್ದಾಗ. ಅನ್ನ ಉಣ್ಣುವ ಆಸೆಗೆ ಜ್ವರ ಬಂದಂತೆ ನಟಿಸಿದ ಹುಡುಗರು ನಮ್ಮ ಊರಿನಲ್ಲಿದ್ದರು. ನಾನೂ ಅವರಲ್ಲೊಬ್ಬ.

ಊಟಕ್ಕೆ ಒಂದು ಕ್ರಮವಿತ್ತು. ಮೊದಲು ತಂದೆಯವರು ಮತ್ತು ಆಳುಗಳು, ಅನಂತರ ಗಂಡುಮಕ್ಕಳು, ಆಮೇಲೆ ಹೆಣ್ಣುಮಕ್ಕಳು. ಎಲ್ಲರದೂ ಆದ ಮೇಲೆ ಅಮ್ಮ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಪ್ರಶ್ನಿಸಲೂ ಇಲ್ಲ. ಹೊಲದಲ್ಲಿ ನೇಗಿಲು ಹಿಡಿಯುವವನು ಹೆಚ್ಚು ಉಣ್ಣಬೇಕು ಎಂಬುದು ಸಹಜವಾಗಿಯೇ ಕಾಣುತ್ತಿತ್ತು. ಆದರೆ ಅಮ್ಮನ ದಿನ ನೇಗಿಲು ಹಿಡಿಯುವವನ ದಿನಕ್ಕಿಂತ ಮೊದಲೇ ಆರಂಭವಾಗಿ ಎಷ್ಟೋ ಹೊತ್ತು ಕಳೆದ ಮೇಲೆ ಮುಗಿಯುತ್ತಿತ್ತು. ಹಿಟ್ಟಿನ ಗಿರಣಿ ಬರುವವರೆಗೆ ನಸುಕಿನಲ್ಲಿ ಬೀಸುವ ಕಲ್ಲಿನ ಸದ್ದಿಗೇ ನಮಗೆ ಎಚ್ಚರವಾಗುತ್ತಿತ್ತು. ಮೂರು ಫರ್ಲಾಂಗು ದೂರದ ಸೇದುವ ಬಾವಿಯಿಂದ ನೀರು, ಗುಡ್ಡದಿಂದ ಸೌದೆ, ನಡುವೆ ಹೊಲದ ಕಳೆ. ಈ ದುಡಿಮೆಗೆ ಎಷ್ಟು ಮುದ್ದೆ ಬೇಕಾದೀತು ಎಂದು ಯಾರೂ ಲೆಕ್ಕ ಹಾಕಿರಲಿಲ್ಲ.

ಇನ್ನೊಂದು ಸಂಗತಿಯನ್ನು ಬರೆಯಲು ಈಗಲೂ ಸಂಕೋಚವೆನಿಸುತ್ತದೆ. ಅಮ್ಮನಿಗೆ ಹಸಿ ಅಕ್ಕಿ ಮುಕ್ಕುವ ಅಭ್ಯಾಸವಿತ್ತು. ಅಕ್ಕಿ ಇಲ್ಲದಿದ್ದಾಗ ಒಲೆಯ ಹಿಂದಿನ ಸುಟ್ಟ ಮಣ್ಣಿನ ಹೆಂಟೆಯನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾವು ಮಕ್ಕಳು ಕಂಡು ನಗುತ್ತಿದ್ದೆವು. "ಅಮ್ಮ ಒಲೆ ತಿಂತಾಳೆ" ಎಂದು ತಂಗಿ ಊರೆಲ್ಲ ಸಾರಿ ಬಂದಿದ್ದಳು. ಅಮ್ಮನೂ ನಕ್ಕು ಸುಮ್ಮನಾಗುತ್ತಿದ್ದಳು. ಮಣ್ಣು, ಹಸಿ ಅಕ್ಕಿ, ಸೀಮೆಸುಣ್ಣಗಳ ಮೇಲೆ ಹುಟ್ಟುವ ಈ ವಿಚಿತ್ರ ಬಯಕೆಯು ರಕ್ತದಲ್ಲಿ ಕಬ್ಬಿಣದ ಅಂಶ ತೀರ ಕಡಿಮೆಯಾದವರಲ್ಲಿ ಕಾಣುವ ಲಕ್ಷಣವೆಂದು ನನಗೆ ತಿಳಿದದ್ದು ಬಹಳ ತಡವಾಗಿ.

1971ರಲ್ಲಿ ನನಗೆ ಶಿಕ್ಷಕನ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅರ್ಧ ಮೂಟೆ ಅಕ್ಕಿ ತಂದೆ. ಆ ದಿನ ತುಮಕೂರಿನಿಂದ ಬಸ್ಸಿನ ಮೇಲೆ ಮೂಟೆ ಹಾಕಿಸಿಕೊಂಡು ಬಂದು, ನಿಲ್ದಾಣದಿಂದ ಮನೆಯವರೆಗೆ ಎಲ್ಲರಿಗೂ ಕಾಣುವಂತೆ ಹೊತ್ತು ತಂದದ್ದು ನೆನಪಿದೆ. ಅಕ್ಕಿಗಿಂತ ಹೆಚ್ಚಾಗಿ ಮರ್ಯಾದೆಯನ್ನೇ ಹೊತ್ತು ತಂದೆನೆಂದು ನಾನು ಭಾವಿಸಿದ್ದೆ. ಅಲ್ಲಿಂದ ನಮ್ಮದು ಮೇಷ್ಟರ ಮನೆಯಾಯಿತು. ಮೇಷ್ಟರ ಮನೆಯಲ್ಲಿ ರಾತ್ರಿ ಅನ್ನ. ಶಾಲಾ ತನಿಖಾಧಿಕಾರಿಗಳು ಊಟಕ್ಕೆ ಬಂದರೆ ಮುದ್ದೆಯ ಕೋಲು ಕಣ್ಣಿಗೆ ಬೀಳದಂತೆ ಎತ್ತಿಡಬೇಕೆಂದು ಮನೆಯಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದೆ. ತರಗತಿಯಲ್ಲಿ ಕನಕದಾಸರ ರಾಮಧಾನ್ಯ ಚರಿತೆಯ ಕತೆ ಹೇಳುವುದೆಂದರೆ ನನಗೆ ಬಹಳ ಹುರುಪು. ಭತ್ತ ಮತ್ತು ರಾಗಿ ತಾನು ಹೆಚ್ಚು ತಾನು ಹೆಚ್ಚು ಎಂದು ಜಗಳವಾಡಿದುದು, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟುದು, ರಾಗಿಯೇ ಗಟ್ಟಿಯಾಗಿ ಉಳಿದುದು. ಮಕ್ಕಳು ಚಪ್ಪಾಳೆ ತಟ್ಟುವರು. ಕತೆ ಹೇಳಿ ಮನೆಗೆ ಬಂದು ಅನ್ನ ಉಣ್ಣುವ ಮೇಷ್ಟರಿಗೆ ಅದರಲ್ಲಿ ಏನೂ ವಿರೋಧ ಕಾಣುತ್ತಿರಲಿಲ್ಲ!

ನನ್ನ ಕಣ್ಣು ತೆರೆಯಿಸಿದ್ದು ಒಂದು ಮನೆಗೆಲಸದ ಪುಸ್ತಕ. 1983ರಲ್ಲಿ ಆರನೆಯ ತರಗತಿಗೆ ಸಮತೋಲಿತ ಆಹಾರದ ಪಾಠ ಮಾಡುತ್ತಿದ್ದೆ. ಗೋಡೆಯ ಮೇಲೆ ಇಲಾಖೆಯ ಬಣ್ಣದ ಚಿತ್ರಪಟವಿತ್ತು. ಸೇಬು, ಮೊಟ್ಟೆ, ಮೀನು, ಬೆಣ್ಣೆ, ಕ್ಯಾರೆಟ್ಟು. ತರಗತಿಯ ನಲವತ್ತು ಮಕ್ಕಳಲ್ಲಿ ಸೇಬು ತಿಂದವರು ಮೂವರು ಮಾತ್ರ. ಪಾಠವನ್ನು ಅವರ ಬದುಕಿಗೆ ಹತ್ತಿರ ತರಬೇಕೆಂಬ ಉದ್ದೇಶದಿಂದ ಒಂದು ಮನೆಗೆಲಸ ಕೊಟ್ಟೆ. ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಯಾರು ಯಾರು ಏನೇನು ಉಂಡರು, ಪಟ್ಟಿ ಮಾಡಿ ತನ್ನಿ ಎಂದು. ಮರುದಿನ ನೋಡಿದರೆ ಬಹುಪಾಲು ಮಕ್ಕಳು ಸುಳ್ಳು ಬರೆದಿದ್ದರು. ಊರಿಗೆ ಊರೇ ಅನ್ನ, ಸಾರು, ಹಪ್ಪಳ ಉಂಡಿತ್ತು. ಒಬ್ಬ ಹುಡುಗಿ ಮಾತ್ರ ನಿಜ ಬರೆದಿದ್ದಳು. ಅಪ್ಪ, ಎರಡು ಮುದ್ದೆ, ಹುರುಳಿ ಸಾರು. ಅಣ್ಣ, ಒಂದೂವರೆ ಮುದ್ದೆ. ನಾನು, ಒಂದು ಮುದ್ದೆ. ಅಮ್ಮ ಎಂದು ಬರೆದು ಅದರ ಮುಂದೆ ಖಾಲಿ ಬಿಟ್ಟಿದ್ದಳು. ಅಪೂರ್ಣವೆಂದು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಎರಡು ಅಂಕ ಕಳೆದು, ಪುಸ್ತಕ ಹಿಂದಿರುಗಿಸಿದೆ. ಆಕೆ ಮೇಜಿನ ಬಳಿ ಬಂದು ಬಹಳ ಹೊತ್ತು ನಿಂತಳು. ಏನಮ್ಮ ಎಂದೆ.

"ಅಮ್ಮ ಉಂಡದ್ದನ್ನು ನೋಡಿಲ್ಲ ಸಾರ್. ನನಗೆ ನಿದ್ದೆ ಬಂದುಬಿಟ್ಟಿತ್ತು."

ಆ ಸಂಜೆ ಮನೆಗೆ ಹೋಗಿ, ರಾತ್ರಿ ಎಲ್ಲರ ಊಟವಾದ ಮೇಲೂ ಮಲಗದೆ ಹಜಾರದಲ್ಲೇ ಕುಳಿತೆ. ಆಗ ನನಗೆ ಮೂವತ್ತಮೂರು ವರ್ಷ. ಮೂವತ್ತಮೂರು ವರ್ಷ ಒಂದೇ ಸೂರಿನಡಿ ಇದ್ದು, ನಮ್ಮಮ್ಮ ಉಣ್ಣುವುದನ್ನು ನಾನು ಎಂದೂ ಕುಳಿತು ನೋಡಿರಲಿಲ್ಲ. ಅಮ್ಮ ಮಡಕೆಯ ತಳದಲ್ಲಿ ಹಿಡಿದಿದ್ದ ಸೀಕನ್ನು ಕೆರೆದು, ಉಳಿದ ಸಾರಿಗೆ ಅರ್ಧ ಚೊಂಬು ನೀರು ಬೆರೆಸಿ, ಒಲೆಯ ಪಕ್ಕ ಮಂಡಿ ಮಡಿಸಿ ಕುಳಿತು ಉಂಡಳು. ಮಕ್ಕಳಿಗೆ ಬಡಿಸಿದ ಸೊಪ್ಪಾಗಲೀ ಕಾಳಾಗಲೀ ಆ ಸಾರಿನಲ್ಲಿ ಇರಲಿಲ್ಲ. ಐದು ನಿಮಿಷದ ಊಟ. ಅನ್ನ ಮಾಡಿದ್ದ ದಿನವಾದರೂ ಅಮ್ಮನ ಪಾಲಿಗೆ ಅನ್ನ ಉಳಿದಿರಲಿಲ್ಲ. ಅಂದರೆ ನಾನು ಹೊತ್ತು ತಂದ ಮರ್ಯಾದೆ ಹಜಾರದವರೆಗೆ ಬಂದು ಅಲ್ಲಿಯೇ ನಿಂತಿತ್ತು. ಏನು ಉಂಡೆ ಎಂದು ಕೇಳಿದೆ. ಅಮ್ಮ ರೇಗಿದಳು. "ಉಂಡದ್ದಕ್ಕೆಲ್ಲ ಲೆಕ್ಕ ಕೇಳ್ತಾರೇನೋ? ಹೋಗಿ ಮಲಕ್ಕೋ" ಎಂದಳು.

ಮರುವರ್ಷ ಬಾವಿಕಟ್ಟೆಯ ಬಳಿ ಅಮ್ಮ ಕುಸಿದು ಬಿದ್ದಳು. ತುಮಕೂರಿಗೆ ಕರೆದೊಯ್ದೆವು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 5.4 ಎಂದು ಬಂದಿತು. ಹೆಂಗಸರಿಗೆ ಅದು 12 ಇರಬೇಕು. ವೈದ್ಯರು ಅಮ್ಮನ ಕಣ್ಣಿನ ರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದು ನನಗೆ ತೋರಿಸಿದರು. ಸುಣ್ಣ ಬಳಿದಂತಿತ್ತು. ನಾನು ಏನು ಕೆಲಸ ಮಾಡುತ್ತೇನೆಂದು ವಿಚಾರಿಸಿದರು. ಮೇಷ್ಟರೆಂದೆ. ಅವರು ಮತ್ತೇನೂ ಹೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ರಕ್ತ ಕೊಟ್ಟರು, ಕಬ್ಬಿಣದ ಮಾತ್ರೆ ಕೊಟ್ಟರು. ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಅಮ್ಮ ಎರಡು ತಿಂಗಳಿಗೇ ನಿಲ್ಲಿಸಿದಳು. ನಿಲ್ಲಿಸಿದ್ದು ನನಗೆ ಗೊತ್ತಾದದ್ದು, ಅವಳು ಹೋದ ಮೇಲೆ ಟ್ರಂಕಿನಲ್ಲಿ ಮಾತ್ರೆಗಳ ಪೊಟ್ಟಣ ಸಿಕ್ಕಾಗ. ಅಮ್ಮ ತೀರಿಕೊಂಡದ್ದು 1991ರಲ್ಲಿ, ಹೃದಯದ ತೊಂದರೆಯಿಂದ. ವರ್ಷಗಟ್ಟಲೆ ರಕ್ತಹೀನತೆಯಿದ್ದರೆ ಹೃದಯವು ಹೆಚ್ಚು ದುಡಿದು ದಣಿಯುತ್ತದೆಯೆಂದು ಈಗ ಓದಿ ತಿಳಿದಿದ್ದೇನೆ. ಅದೇ ಕಾರಣವೆಂದು ಖಚಿತವಾಗಿ ಹೇಳಲು ನಾನು ವೈದ್ಯನಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಈಚಿನ ವರ್ಷಗಳಲ್ಲಿ ರಾಗಿಗೆ ಬಹಳ ಮರ್ಯಾದೆ ಬಂದಿದೆ. 2023ನ್ನು ವಿಶ್ವಸಂಸ್ಥೆಯೇ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ರಾಗಿಯ ಬಿಸ್ಕತ್ತನ್ನು ದುಬಾರಿ ಬೆಲೆಗೆ ಕೊಳ್ಳುತ್ತಾಳೆ. ಹಿಂದಿನವರು ಮುದ್ದೆ ತಿಂದು ಗಟ್ಟಿಯಾಗಿದ್ದರು ಎಂದು ಸಮಾರಂಭಗಳಲ್ಲಿ ಭಾಷಣ ಮಾಡುವವರನ್ನು ಕೇಳಿದಾಗಲೆಲ್ಲ ನನಗೆ ಅಮ್ಮನ ನೆನಪಾಗುತ್ತದೆ. ಅಮ್ಮ ಜೀವಮಾನವೆಲ್ಲ ಮುದ್ದೆಯನ್ನೇ ಉಂಡವಳು. ರಾಗಿ ಉತ್ತಮ ಧಾನ್ಯವೆಂಬುದರಲ್ಲಿ ಸಂದೇಹವಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಆಸುಪಾಸು. ಆದರೆ ರಾಗಿಯಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ಪದಾರ್ಥಗಳು ಕಬ್ಬಿಣವನ್ನು ಹಿಡಿದಿಟ್ಟುಕೊಂಡು, ದೇಹ ಅದನ್ನು ಹೀರಿಕೊಳ್ಳದಂತೆ ತಡೆಯುತ್ತವೆ. ಮೊಳಕೆ ಕಟ್ಟಿದರೆ ಈ ತಡೆ ಕಡಿಮೆಯಾಗುತ್ತದೆ. ಜೊತೆಗೆ ನಿಂಬೆಹಣ್ಣು, ನೆಲ್ಲಿಕಾಯಿಯಂಥ ಹುಳಿಯಿದ್ದರೆ ಕಬ್ಬಿಣ ಹೆಚ್ಚು ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ, ಚಹ ಕುಡಿದರೆ ಇರುವುದೂ ಹೋಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನಿಗದಿಪಡಿಸಿದಂತೆ ದಿನವೊಂದಕ್ಕೆ ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣ ಸಾಕು, ಹೆಂಗಸಿಗೆ 29 ಬೇಕು. ಹೆಚ್ಚು ಬೇಕಾದವಳೇ ಕಡೆಯಲ್ಲಿ ಉಣ್ಣುವವಳು.

ಉತ್ತರ ಕರ್ನಾಟಕದ ಗೆಳೆಯರು ಜೋಳದ ರೊಟ್ಟಿಯ ವಿಷಯದಲ್ಲಿ ಹೀಗೆಯೇ ಅಭಿಮಾನಿಗಳು. ಅಲ್ಲಿಯೂ ಒಂದು ಪಾಠವಿದೆ. ದಖ್ಖನ್ ಪ್ರದೇಶದಲ್ಲಿ ಜೋಳವೊಂದನ್ನೇ ನೆಚ್ಚಿದ ಬಡವರಲ್ಲಿ ಪೆಲಾಗ್ರ ಎಂಬ ರೋಗ ಕಾಣಿಸಿಕೊಳ್ಳುತ್ತಿತ್ತು. ಬಿಸಿಲಿಗೆ ಬಿದ್ದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿ ಮಂಕಾಗುವುದು ಅದರ ಲಕ್ಷಣ. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಾಂತಯ್ಯ ಇಬ್ಬರೂ ಇದನ್ನು ಅಭ್ಯಸಿಸಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶಕ್ಕೂ ಈ ರೋಗಕ್ಕೂ ನಂಟಿದೆಯೆಂದು 1960ರಲ್ಲಿ ವಾದಿಸಿದರು. ಬೇಳೆ, ಹಾಲು, ಸೊಪ್ಪು ಜೊತೆಗಿದ್ದ ಮನೆಗಳಲ್ಲಿ ಅದೇ ಜೋಳ ಯಾವ ಕೇಡನ್ನೂ ಮಾಡಲಿಲ್ಲ. ನಾವು ಮುದ್ದೆಯನ್ನು ಹೊಗಳುತ್ತೇವೆ. ಹೊಗಳಬೇಕಾದ್ದು ಮುದ್ದೆಯ ಪಕ್ಕದಲ್ಲಿದ್ದ ಬೆರಕೆಸೊಪ್ಪನ್ನೂ ಅವರೆಕಾಳನ್ನೂ ಮಜ್ಜಿಗೆಯನ್ನೂ.

ಆ ಪಕ್ಕದ ಪದಾರ್ಥಗಳು ಹೇಗೆ ಹೋದುವೆಂಬುದನ್ನು ನಾನು ಕಣ್ಣಾರೆ ಕಂಡವನು. ನಮ್ಮ ಸೀಮೆಯಲ್ಲಿ ಅಕ್ಕಡಿ ಸಾಲಿನ ಹೊಲಗಳನ್ನು ಕಡಲೆಕಾಯಿ ನುಂಗಿತು. ಕಡಲೆಕಾಯಿಗೆ ರೊಕ್ಕ ಬರುತ್ತಿತ್ತು, ಹಾಗಾಗಿ ರೈತರನ್ನು ದೂರುವಂತಿಲ್ಲ. ಆ ರೊಕ್ಕದಿಂದಲೇ ಹಲವು ಮಕ್ಕಳು ಕಾಲೇಜಿಗೆ ಹೋದರು. ಇದನ್ನು ಓದುತ್ತಿರುವವರಲ್ಲಿ ಕೆಲವರು ಅವರೇ. ಆದರೆ ಅವರೆ, ತೊಗರಿ ಹೊಲದಿಂದ ಅಂಗಡಿಗೆ ಹೋದುವು. ಹೊಲದಲ್ಲಿದ್ದಾಗ ಕಾಳು ಹೆಂಗಸರ ಮಡಿಲಿಗೆ ಬರುತ್ತಿತ್ತು. ಅಂಗಡಿಯಲ್ಲಿದ್ದಾಗ ಗಂಡಸರ ಜೇಬಿನ ಮೂಲಕ ಬರಬೇಕಾಯಿತು. ಆ ದಾರಿ ಉದ್ದ. ನಡುವೆ ಹೋಟೆಲು, ಬೀಡಿ, ಮತ್ತೊಂದು ಬಗೆಯ ಅಂಗಡಿ, ಎಲ್ಲವೂ ಇರುತ್ತವೆ. ಮುಂದೆ ಕಳೆನಾಶಕ ಬಂದು ಬದುವಿನ ಸೊಪ್ಪೂ ಸುಟ್ಟುಹೋಯಿತು. ಈಗಿನ ಹುಡುಗಿಯರಿಗೆ ಅಣ್ಣೆಸೊಪ್ಪು ತೋರಿಸಿದರೆ ಕಳೆಯೆನ್ನುತ್ತಾರೆ.

ಹಾಲಿನದೂ ಇದೇ ಕತೆ. ನಮ್ಮ ರಾಜ್ಯದಲ್ಲಿ 1970ರ ದಶಕದ ನಡುವಿನಿಂದ ಹಾಲು ಉತ್ಪಾದಕರ ಸಹಕಾರ ಸಂಘಗಳು ಬೆಳೆದುವು. ವಾರವಾರ ಕೈಗೆ ಕಾಸು ಸಿಗುವಂತಾಯಿತು. ಅದರಲ್ಲಿ ಎಷ್ಟೋ ಹೆಂಗಸರ ಕೈಗೇ ಸಿಕ್ಕಿತು. ಅದು ಸಣ್ಣ ವಿಷಯವಲ್ಲ. ನನ್ನ ತಂಗಿ ಎರಡು ಹಸು ಕಟ್ಟಿಕೊಂಡು ಮಗಳನ್ನು ದಾದಿಯರ ಶಿಕ್ಷಣಕ್ಕೆ ಕಳುಹಿಸಿದಳು. ಆದರೆ ಮೊದಲು ಹಸುವಿದ್ದ ಮನೆಯವರು ಇಲ್ಲದವರಿಗೆ ಮಜ್ಜಿಗೆಯನ್ನು ಸುಮ್ಮನೆ ಕೊಡುತ್ತಿದ್ದರು. ಮಜ್ಜಿಗೆ ಮಾರಿದರೆ ಪಾಪವೆಂಬ ನಂಬಿಕೆಯಿತ್ತು. ಡೈರಿಗೆ ಹಾಲು ಹೋಗತೊಡಗಿದ ಮೇಲೆ ಕಡೆಯಲು ಮೊಸರೇ ಉಳಿಯಲಿಲ್ಲ. ಪಾಪವೂ ಇಲ್ಲ, ಮಜ್ಜಿಗೆಯೂ ಇಲ್ಲ. ಆದಾಯ ಬಂದ ಮನೆಗೆ ಲಾಭ, ಚೊಂಬು ಹಿಡಿದು ಬಾಗಿಲಿಗೆ ಬರುತ್ತಿದ್ದ ಮನೆಗೆ ನಷ್ಟ. ಈ ನಷ್ಟ ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ.

ಹಾಗೆಂದು ಬಡತನವೇ ಲೇಸಾಗಿತ್ತೆಂದು ಯಾರೂ ತಿಳಿಯಬಾರದು. ಬರಗಾಲದಲ್ಲಿ ಕತ್ತಾಳೆಯ ಗೆಡ್ಡೆ ಅಗೆಯಲು ಹೋದವರನ್ನು ನಾನು ಕಂಡಿದ್ದೇನೆ. ಅಮೆರಿಕದಿಂದ ಬಂದ ಹಳದಿ ಉಪ್ಪಿಟ್ಟಿಗಾಗಿ, ಹಾಲಿನ ಪುಡಿಗಾಗಿ ಶಾಲೆಗೆ ಬರುತ್ತಿದ್ದ ಮಕ್ಕಳಿಗೆ ಪಾಠ ಹೇಳಿದ್ದೇನೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ಎಷ್ಟೋ ಮನೆಗಳ ಕಣಜ ತುಂಬಿತು. ಅವರನ್ನು ಜನ ರಾಗಿ ಬ್ರಹ್ಮ ಎಂದು ಕರೆದದ್ದು ಸುಮ್ಮನೆ ಅಲ್ಲ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದ ಮೇಲೆ ಹೊಟ್ಟೆಗಿಲ್ಲವೆಂಬ ಮಾತು ನಮ್ಮ ಊರಿನಲ್ಲಿ ಬಹುಮಟ್ಟಿಗೆ ನಿಂತಿತು. ಬಡವರು ಸೋಮಾರಿಗಳಾದರು ಎಂದು ಮೂದಲಿಸುವ ನಮ್ಮ ಕೆಲವು ಬಂಧುಗಳಿಗೆ ನಾನು ಹೇಳುವುದಿಷ್ಟೇ: ಮಡಕೆಯ ತಳ ಕೆರೆಯುವ ಸದ್ದನ್ನು ನೀವು ಕೇಳಿಲ್ಲ.

ಆದಾಯ ಹೆಚ್ಚಿದರೆ ಜನ ಚೆನ್ನಾಗಿ ಉಣ್ಣುತ್ತಾರೆ, ಚೆನ್ನಾಗಿ ಉಂಡರೆ ಆರೋಗ್ಯವಾಗಿರುತ್ತಾರೆ ಎಂಬುದು ಮೇಲುನೋಟಕ್ಕೆ ನೇರವಾದ ಲೆಕ್ಕ. ಜರ್ಮನಿಯ ಎಂಗೆಲ್ ಎಂಬ ಸಂಖ್ಯಾಶಾಸ್ತ್ರಜ್ಞನು 1857ರಲ್ಲೇ, ಕುಟುಂಬದ ಆದಾಯ ಏರಿದಂತೆ ಅದರಲ್ಲಿ ಊಟಕ್ಕೆ ಹೋಗುವ ಪಾಲು ಇಳಿಯುತ್ತದೆಯೆಂದು ತೋರಿಸಿದನು. (ಇವನು ಮಾರ್ಕ್ಸನ ಗೆಳೆಯ ಎಂಗೆಲ್ಸ್ ಅಲ್ಲ. ನಾನೇ ಒಮ್ಮೆ ತರಗತಿಯಲ್ಲಿ ತಪ್ಪು ಹೇಳಿದ್ದೆ.) ನಮ್ಮ ದೇಶದ ಸಮೀಕ್ಷೆಗಳೂ ಅದನ್ನೇ ಹೇಳುತ್ತವೆ. 1999-2000ರಲ್ಲಿ ಹಳ್ಳಿಯ ಕುಟುಂಬವೊಂದರ ಖರ್ಚಿನಲ್ಲಿ ಶೇಕಡ 59ರಷ್ಟು ಆಹಾರಕ್ಕೆ ಹೋಗುತ್ತಿತ್ತು. 2022-23ರಲ್ಲಿ ಅದು ಶೇಕಡ 46ರಷ್ಟಾಗಿದೆ. ಧಾನ್ಯದ ಪಾಲಂತೂ ಶೇಕಡ 22ರ ಆಸುಪಾಸಿನಿಂದ 5ಕ್ಕೆ ಇಳಿದಿದೆ. ಇದು ಸಂತೋಷದ ಸಂಗತಿ. ಆದರೆ ಅದೇ ಸಮೀಕ್ಷೆಯಲ್ಲಿ ಪಾನೀಯ ಮತ್ತು ಸಿದ್ಧಪಡಿಸಿದ ತಿನಿಸುಗಳಿಗೆ ಹಳ್ಳಿಯವರು ಮಾಡುವ ಖರ್ಚು ಶೇಕಡ 9.6. ಧಾನ್ಯಕ್ಕಿಂತ ಹೆಚ್ಚು! ಮೊನ್ನೆ ಶಿಬಿರ ನಡೆದ ಹಳ್ಳಿಯ ಅಂಗಡಿಯಲ್ಲಿ ಕುರುಕಲು ಪೊಟ್ಟಣಗಳ ಸರಮಾಲೆಯನ್ನು ಬಾಗಿಲಿಗೆ ತೋರಣ ಕಟ್ಟಿದಂತೆ ನೇತುಹಾಕಿದ್ದರು. ಅವರೆಕಾಳು ಕೇಳಿದೆ. ಇರಲಿಲ್ಲ.

ಆಂಗಸ್ ಡೀಟನ್ ಮತ್ತು ಜೀನ್ ಡ್ರೀಜ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಬರೆದ ಲೇಖನವೊಂದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಭಾರತದಲ್ಲಿ ಆದಾಯ ಏರುತ್ತಿದ್ದಾಗಲೇ ತಲಾ ಕ್ಯಾಲೊರಿಯ ಸೇವನೆ ಇಳಿಯುತ್ತಿದೆಯೆಂದು ಅವರು ತೋರಿಸಿದರು. ದುಡಿಮೆಯ ಭಾರ ತಗ್ಗಿದ್ದು, ಕುಡಿಯುವ ನೀರು ಮತ್ತು ಆರೋಗ್ಯ ಸುಧಾರಿಸಿದ್ದು ಇದಕ್ಕೆ ಕಾರಣಗಳಿರಬಹುದೆಂದರು. ಇದನ್ನು ಒಪ್ಪಲು ನನಗೆ ಯಾವ ಸಮೀಕ್ಷೆಯೂ ಬೇಡ. ಬೀಸುವ ಕಲ್ಲು, ಒನಕೆ, ಸೇದುವ ಬಾವಿ ಇವು ಮೂರೂ ಹೋದ ಮೇಲೆ ಎರಡು ಮುದ್ದೆಯ ಅಗತ್ಯ ಯಾರಿಗಿದೆ? ಆದರೆ ಅವರು ಇನ್ನೊಂದನ್ನೂ ಬರೆದಿದ್ದಾರೆ. ಅಷ್ಟಾದರೂ ನಮ್ಮ ವಯಸ್ಕರ ಮತ್ತು ಮಕ್ಕಳ ಅಳತೆಗಳು ಪ್ರಪಂಚದಲ್ಲಿಯೇ ಅತ್ಯಂತ ಕಳಪೆಯಾದವುಗಳ ಸಾಲಿನಲ್ಲಿವೆ ಎಂದು.

ಅಳತೆಗಳು ಸುಧಾರಿಸಿಲ್ಲವೆಂದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದ ನೂರು ಹೆಂಗಸರಲ್ಲಿ 36 ಮಂದಿ 18.5ರ ಗೆರೆಗಿಂತ ಕೆಳಗಿದ್ದರು. 2019-21ರಲ್ಲಿ ಅವರ ಸಂಖ್ಯೆ 19ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಅತಿತೂಕದವರು 13ರಿಂದ 24ಕ್ಕೆ ಏರಿದರು. ತಕ್ಕಡಿಯ ಒಂದು ತಟ್ಟೆ ಮೇಲೇಳುವ ಮೊದಲೇ ಇನ್ನೊಂದು ತಟ್ಟೆ ಭಾರವಾಯಿತು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮ ಹಳ್ಳಿಗಾಡಿನ ವಯಸ್ಕರಲ್ಲಿ ಶೇಕಡ 8.9 ಮಂದಿಗೆ ಮಧುಮೇಹವಿದೆಯೆಂದು ತಿಳಿಸಿತು. ನಾನು ಹುಡುಗನಾಗಿದ್ದಾಗ ಅದನ್ನು ಶ್ರೀಮಂತರ ಕಾಯಿಲೆಯೆನ್ನುತ್ತಿದ್ದರು. ನನಗೆ ಅದು 2001ರಲ್ಲಿ ಅಂಟಿಕೊಂಡಿತು. ಅನ್ನದ ಮೂಟೆ ಹೊತ್ತು ಮೂವತ್ತು ವರ್ಷವಾಗಿತ್ತು. ಈಗ ನನ್ನ ಮನೆಯಲ್ಲಿ ರಾತ್ರಿ ಮತ್ತೆ ಮುದ್ದೆ, ವೈದ್ಯರ ಅಪ್ಪಣೆಯಿಂದ. ಅದೂ ನಿಂಬೆಹಣ್ಣಿನ ಗಾತ್ರದ್ದು. ನಮ್ಮ ತಂದೆಯವರು ಕಂಡಿದ್ದರೆ ಕೋಳಿಮರಿಗೆ ಮಾಡಿದ್ದೇ ಎಂದು ಕೇಳುತ್ತಿದ್ದರು.

ಬದಲಾಗದೆ ಉಳಿದದ್ದು ರಕ್ತಹೀನತೆ. 2019-21ರ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಅದು ಇತ್ತು. ಅದೇ ವಯಸ್ಸಿನ ಗಂಡಸರಲ್ಲಿ 25 ಮಂದಿಗೆ. ಹಿಂದಿನ ಸಮೀಕ್ಷೆಯಲ್ಲಿ ಹೆಂಗಸರ ಸಂಖ್ಯೆ 53 ಇತ್ತು, ಅಂದರೆ ಇಳಿಯುವ ಬದಲು ಏರಿದೆ. ಇದಕ್ಕೆ ಊಟವೊಂದೇ ಕಾರಣವಲ್ಲ. ಕೊಕ್ಕೆಹುಳು, ಮುಟ್ಟು, ಮೇಲಿಂದ ಮೇಲೆ ಹೆರಿಗೆ, ಬೇರೆ ಜೀವಸತ್ವಗಳ ಕೊರತೆ ಎಲ್ಲವೂ ಸೇರುತ್ತವೆ. ಆದರೆ 57 ಮತ್ತು 25ರ ನಡುವಿನ ಅಂತರವನ್ನು ನೋಡಿದಾಗ ನನಗೆ ಹಜಾರಕ್ಕೂ ಒಲೆಗೂ ನಡುವಿನ ಅಂತರವೇ ಕಾಣುತ್ತದೆ.

ಶಿಬಿರದ ಮಾತಿಗೆ ಹಿಂದಿರುಗುತ್ತೇನೆ. ಆ ಹೆಂಗಸನ್ನು ಕುಳಿತುಕೊಳ್ಳಲು ಹೇಳಿ, ನಿನ್ನೆ ರಾತ್ರಿ ಏನು ಊಟ ಮಾಡಿದಿರಿ ಎಂದು ಕೇಳಿದೆ. ಆಕೆ ನಕ್ಕು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಗಂಡನೇ ಉತ್ತರ ಕೊಟ್ಟನು. "ಅನ್ನ, ಬೇಳೆಸಾರು, ಮೊಟ್ಟೆ ಸಾರ್. ನಮ್ಮನೇಲಿ ಯಾವುದಕ್ಕೂ ಕಮ್ಮಿ ಇಲ್ಲ." ಕೆಟ್ಟ ಮನುಷ್ಯನಲ್ಲ. ಹೆಂಡತಿಯನ್ನು ತಾನೇ ಬೈಕಿನಲ್ಲಿ ಕೂರಿಸಿಕೊಂಡು ಕರೆತಂದಿದ್ದನು. ನಾನು 1983ಕ್ಕೆ ಮೊದಲು ಹೇಗಿದ್ದೆನೋ ಹಾಗೆಯೇ ಇದ್ದನು. ಅದು ನಿಮ್ಮ ಊಟ, ನಾನು ಕೇಳಿದ್ದು ಇವರದನ್ನು ಎಂದೆ. ಆತನು ಹೆಂಡತಿಯ ಕಡೆ ತಿರುಗಿ ನೋಡಿದನು. ಆಕೆ ಮೆಲ್ಲಗೆ, ಮೊಟ್ಟೆ ಮೂರೇ ಇದ್ದುವು, ಅವರಿಗೂ ಮಕ್ಕಳಿಗೂ ಆಯಿತು, ತಾನು ಚಹದ ಜೊತೆ ಎರಡು ಬನ್ನು ತಿಂದು ಮಲಗಿದೆ ಎಂದಳು. ಬೆಳಗ್ಗೆಯಿಂದ ಬಂದವರಲ್ಲಿ ತಮ್ಮ ಊಟದ ಬಗ್ಗೆ ಬಾಯಿ ಬಿಟ್ಟ ಮೊದಲ ಹೆಂಗಸು ಆಕೆ. ಗಂಡನ ಮುಖ ಸಣ್ಣಗಾಯಿತು. "ಹೇಳಬಾರದೇನೇ" ಎಂದನು. ಹೇಳುವುದು ಹೇಗೆಂದು ಆಕೆಗೂ ಗೊತ್ತಿರಲಿಲ್ಲ, ಕೇಳುವುದು ಹೇಗೆಂದು ಅವನಿಗೂ.

ಡಾಕ್ಟರಾದ ನನ್ನ ಶಿಷ್ಯನು ಆಕೆಗೆ ಮಾತ್ರೆ ಬರೆದುಕೊಟ್ಟನು. ಊಟವಾದ ಮೇಲೆ ನಿಂಬೆಹಣ್ಣಿನ ಪಾನಕದೊಡನೆ ನುಂಗಬೇಕು, ಹಿಂದೆ ಮುಂದೆ ಒಂದು ಗಂಟೆ ಚಹ ಕೂಡದು, ಮಲ ಕಪ್ಪಾದರೆ ಹೆದರಬಾರದು ಎಂದು ಬಿಡಿಸಿ ಹೇಳಿದನು. ಕಡೆಯ ಮಾತನ್ನು ಎರಡು ಸಲ ಹೇಳು ಎಂದು ನಾನು ಪಕ್ಕದಿಂದ ಹೇಳಿದೆ. ಅವನಿಗೆ ಏಕೆಂದು ಅರ್ಥವಾಗಲಿಲ್ಲ, ಆದರೂ ಹಳೆಯ ಮೇಷ್ಟರ ಮಾತೆಂದು ಎರಡು ಸಲ ಹೇಳಿದನು. ಸಂಜೆ ದಾಖಲೆ ಪುಸ್ತಕ ಹಿಂದಿರುಗಿಸುವಾಗ ಮುಂದಿನ ಶಿಬಿರಕ್ಕೆ ಎಂಟನೆಯ ಅಂಕಣವೊಂದನ್ನು ಗೀಚಿ ಕೊಟ್ಟಿದ್ದೇನೆ. ಹೆಂಗಸರು ನಿನ್ನೆ ರಾತ್ರಿ ಏನು ಉಂಡರು ಎಂದು. ಗಂಡಂದಿರನ್ನು ಹೊರಗೆ ಕೂರಿಸಿ ಕೇಳಬೇಕೆಂದೂ ಹೇಳಿದ್ದೇನೆ.

ಇನ್ನೊಂದು ಕೋರಿಕೆ. 1983ರಲ್ಲಿ ನನ್ನ ಆರನೆಯ ತರಗತಿಯಲ್ಲಿದ್ದವರು ಇದನ್ನು ಓದುತ್ತಿದ್ದರೆ, ಹುರುಳಿ ಸಾರು ಎಂದು ನಿಜ ಬರೆದಿದ್ದ ಆ ಹುಡುಗಿ ಯಾರೆಂದು ನಿಮಗೆ ನೆನಪಾಗಬಹುದು. ಏಳನೆಯ ತರಗತಿ ಮುಗಿಸಿ ಮದುವೆಯಾಗಿ ಹೋದಳೆಂದು ಕೇಳಿದ್ದೆ, ಆಮೇಲೆ ಸುದ್ದಿಯಿಲ್ಲ. ಆಕೆಗೂ ಈಗ ಐವತ್ತು ದಾಟಿರಬೇಕು. ಎಲ್ಲಿದ್ದಾಳೆಂದು ಗೊತ್ತಿದ್ದರೆ ತಿಳಿಸಿ. ಆ ಎರಡು ಅಂಕ ನಾನು ಆಕೆಗೆ ಕೊಡಬೇಕಾಗಿದೆ.